ಎಪ್ಪತ್ತು ವರ್ಷ ತಡವಾದ ಬುಟ್ಟಿ

ಪ್ರೀತಿಯ ಆಂಟಿಗೆ,

ನಿಮ್ಮ ಜನರಲ್ಲಿ ತೀರಿಹೋದವರ ಹೆಸರನ್ನು ಕೆಲಕಾಲ ಹೇಳಬಾರದೆಂದು ನಿಮ್ಮ ಮೊಮ್ಮಗಳು ಕೈಲಾ ತಿಳಿಸಿದ್ದಾಳೆ. ಅದಕ್ಕೇ ಬರೀ ಆಂಟಿ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ನೀವೇ ಕಾರಣ. "ನನ್ನ ಭಾಷೇನ ಬಾಯಿಂದ ಕಿತ್ಕೊಂಡ್ರು. ನೀನಾದ್ರೂ ನಿನ್ ಭಾಷೇಲಿ ಮಾತಾಡು" ಎಂದು ಗದರಿದ್ದಿರಿ.

ಡ್ಯಾಂಡಿನಾಂಗಿನ ನಿಮ್ಮ ಎರಡು ಕೋಣೆಯ ಮ್ಯೂಸಿಯಮ್ಮಿಗೆ ನಾನು ಪ್ರತಿ ಶನಿವಾರ ಬರುತ್ತಿದ್ದುದು ಕಂಪ್ಯೂಟರಿನಲ್ಲಿ ವಸ್ತುಗಳ ಪಟ್ಟಿ ಮಾಡಿಕೊಡಲು. ಈ ನೆಲದ ಮೂಲನಿವಾಸಿಗಳಾದ ನಿಮ್ಮ ಜನರ ಈಟಿ, ತೊಗಲಿನ ಹೊದಿಕೆ, ಹಳೆಯ ಫೋಟೊ ಎಲ್ಲವನ್ನೂ ಊರೂರು ತಿರುಗಿ ನೀವೇ ಕೂಡಿಸಿದ್ದಿರಿ. ಹೊಸ ಫೋಟೊ ಬಂದರೆ ಸಾಕು, ಭೂತಗನ್ನಡಿ ಹಿಡಿದು ಅಮ್ಮನನ್ನು ಹುಡುಕುತ್ತಿದ್ದಿರಿ. ನಾಲ್ಕು ವರ್ಷದವರಿದ್ದಾಗ, ನಿಮ್ಮ ಜನರ ಮಕ್ಕಳನ್ನು ಬಿಳಿಯರಂತೆ ಬೆಳೆಸುವ ನೆಪದಲ್ಲಿ, ಸರ್ಕಾರದ ಕಾರು ನಿಮ್ಮನ್ನು ಎತ್ತಿಕೊಂಡು ಹೋಗಿತ್ತು. ಅಮ್ಮನೇ ಬೇಡವೆಂದು ಕೊಟ್ಟುಬಿಟ್ಟಳೆಂದು ಅನಾಥಾಲಯದಲ್ಲಿ ಹೇಳಿದ್ದರು. "ಸುಳ್ಳು ಅಂತ ಗೊತ್ತು, ಶ್ವೇತಾ. ಆದ್ರೂ..." ಎಂದು ನೀವು ಅರ್ಧಕ್ಕೇ ನಿಲ್ಲಿಸಿದ್ದು ನನಗೆ ಇನ್ನೂ ಕೇಳಿಸುತ್ತದೆ.

ಸಿಡ್ನಿಯ ಮುದುಕಿಯೊಬ್ಬರ ಇಮೇಲ್ ಬಂದಾಗ ಮೂರು ಸಲ ಓದಿಸಿದಿರಿ. ನಿಮ್ಮ ಜನರನ್ನು ಸರ್ಕಾರ ಕೂಡಿಟ್ಟಿದ್ದ, ನಿಮ್ಮ ಅಮ್ಮನೂ ಇದ್ದ ವಸಾಹತಿಗೆ ಆ ಮುದುಕಿಯ ತಂದೆ ಮ್ಯಾನೇಜರ್ ಆಗಿದ್ದರು. ಅವರ ಟ್ರಂಕಿನಲ್ಲಿ ಹುಲ್ಲು ಹೆಣೆದ ಬುಟ್ಟಿಯೊಂದು ಸಿಕ್ಕಿತ್ತು, ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ನಿಮ್ಮ ಅಮ್ಮನ ಹೆಸರಿತ್ತು. ನಿಮ್ಮ ಹೃದಯದ ಸ್ಥಿತಿಯಲ್ಲಿ ಪ್ರಯಾಣ ಬೇಡವೆಂದರು ಡಾಕ್ಟರು. ನಾನು ಹೋಗಿ ತರುತ್ತೇನೆಂದೆ. ಆದರೆ ಪಾಯಿಂಟ್ ಕುಕ್‌ನಲ್ಲಿ ನಮ್ಮ ಗೃಹಪ್ರವೇಶವಿತ್ತು. "ಮೊದ್ಲು ನಿನ್ನ ಮನೆ ನೋಡ್ಕೊ, ಡಾರ್ಲಿಂಗ್. ಎಪ್ಪತ್ತು ವರ್ಷ ಕಾದಿದೀನಿ, ಇನ್ನೆರಡು ವಾರ ಏನು ಮಹಾ?" ಎಂದಿರಿ. ನಾನೂ ಒಪ್ಪಿಬಿಟ್ಟೆ.

ಗೃಹಪ್ರವೇಶ ಮುಗಿಸಿ ಸಿಡ್ನಿಗೆ ಬಂದಿಳಿದು, ಅಲ್ಲಿನ ಗಿರಾವೀನ್‌ನಲ್ಲಿರುವ ತಂಗಿ ಉಷಾಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಕೈಲಾ ಫೋನ್ ಮಾಡಿದಳು. ಆ ಬೆಳಿಗ್ಗೆ ನೀವು ಏಳಲೇ ಇಲ್ಲವಂತೆ. "ಇನ್ನ ಅಲ್ಲಿ ಹೋಗಿ ಏನ್ ಮಾಡ್ತೀ ಅಕ್ಕಾ?" ಎಂದಳು ಉಷಾ. ಆದರೂ ಆ ಮುದುಕಿಯ ಮನೆಗೆ ಹೋದೆ.

ಬುಟ್ಟಿ ನಾನೆಣಿಸಿದ್ದಕ್ಕಿಂತ ತೀರಾ ಚಿಕ್ಕದು. ಹಿಡಿಕೆಯೊಳಗೆ ನನ್ನ ಮೂರೇ ಬೆರಳು ಹಿಡಿಸಿದವು. ಅದು ಮಗುವಿನ ಕೈಗೆಂದು ಹೆಣೆದದ್ದು. ಮುದುಕಿ ನನ್ನ ಮುಖ ನೋಡದೆ ಹೇಳಿದರು: "ಮಗಳಿಗೆ ಅಂಚೇಲಿ ಕಳ್ಸಿ ಅಂತ ಆ ತಾಯಿ ನಮ್ಮಪ್ಪನ ಕೈಗೆ ಕೊಟ್ಟಿದ್ರಂತೆ. ಅಪ್ಪ ಕಳಿಸ್ಲೇ ಇಲ್ಲ." ಚೀಟಿಯ ತಾರೀಖು ನಿಮ್ಮನ್ನು ಒಯ್ದು ಎರಡು ವರ್ಷವಾದ ಮೇಲಿನದು. ನಿಮ್ಮ ಅಮ್ಮ ನಿಮ್ಮನ್ನು ಕೊಟ್ಟಿರಲಿಲ್ಲ ಆಂಟಿ. ಕಾಯುತ್ತಿದ್ದರು. ಈ ಮಾತನ್ನು ನೀವು ಕೇಳಬೇಕಿತ್ತು. ಎರಡು ವಾರ ಮೊದಲು ಹೋಗಿದ್ದರೆ ನನ್ನ ಬಾಯಿಂದಲೇ ಕೇಳುತ್ತಿದ್ದಿರಿ.

ವಿಮಾನದಲ್ಲಿ ಅದನ್ನು ಮಡಿಲಿಂದ ಇಳಿಸಲಿಲ್ಲ. ಮ್ಯೂಸಿಯಮ್ಮಿನಲ್ಲಿ ರೂಢಿಯಂತೆ ನಂಬರು ಬರೆಯಲು ಹೊರಟಾಗ ಕೈಲಾ ನನ್ನ ಪೆನ್ನು ತೆಗೆದಿಟ್ಟಳು. "ಇದು ಮ್ಯೂಸಿಯಮ್‌ಗೆ ಬಂದಿದ್ದಲ್ಲ. ಅಜ್ಜಿಗೆ ಬಂದಿದ್ದು." ಮಣ್ಣಿಗಿಡುವ ಮೊದಲು ಅವಳೇ ನಿಮ್ಮ ಮೂರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಕೆಗೆ ಸಿಕ್ಕಿಸಿದಳು.

ಹೋಗಿಬನ್ನಿ ಆಂಟಿ. ನಿಮ್ಮ ಅಮ್ಮ ನಿಮ್ಮನ್ನು ಗುರುತು ಹಿಡಿಯಲಿ.

ತಡಮಾಡಿದ ನಿಮ್ಮ,
ಮಹಾಶ್ವೇತಾ