ಕವರು ಬಿಚ್ಚದ ಕಂಪ್ಯೂಟರು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ತವರಿಗೆ ಹೋದ ಮೇಲೆ ಬಲಗೈ ನೋವು ಇಳಿದಿದೆಯೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ಈ ಕಾಗದ ಓದುವ ಮುಂಚೆ ತಿಂಡಿ ಮುಗಿಸಿಬಿಡು. ಓದಿದ ಮೇಲೆ ಗಂಟಲಲ್ಲಿ ಇಳಿಯುವುದಿಲ್ಲ.

ಈ ಕಥೆಯನ್ನು ಮೊದಲು ಹೇಳಿದವರು ನಿನ್ನ ಅತ್ತೆ. ಮೊನ್ನೆ ಭಾನುವಾರ ಸಂಜೆ, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದರು. ಕೇಳಿದವರು ನಾನು ಮತ್ತು ನಿನ್ನ ಭಾವ.

"ಮನೇಲಿ ಎಲ್ಲೋ ಇಲಿ ಸತ್ತಿದೆ ಕಣಮ್ಮಾ. ಸೊಸೆಗೆ ಅಂತ ಆ ಕಂಪ್ಯೂಟರ್ ಬಂದಾಗಿಂದ ನಾರ್ತಾ ಇದೆ. ಎಲ್ಲಾ ಕಡೆ ತಡಕಿದೆ, ಹೆಣ ಸಿಗ್ತಿಲ್ಲ. ಮಗ ಸೆಂಟು ಹೊಡೀತಾನೆ. ಈಗ ಸೆಂಟು ಹಾಕ್ಕೊಂಡ ಇಲಿ ಸತ್ತ ಹಾಗಿದೆ" ಅಂದರು.

ನನಗೆ ನಗು ಬಂತು. ನಿನ್ನ ಭಾವ ನಗಲಿಲ್ಲ. "ಅಮ್ಮಾ, ಆ ವಾಸನೇಲಿ ಪ್ಲಾಸ್ಟಿಕ್ ಸುಟ್ಟ ಘಾಟು ಇದೆಯಾ?" ಅಂತ ಕೇಳಿದರು. ಅತ್ತೆ ಹೌದೆಂದದ್ದೇ ತಡ, ಇವರು ಕಾಲಿಗೆ ಚಪ್ಪಲಿ ಮೆಟ್ಟಿದರು. ನಾವೂ ಹಿಂದೆ ಓಡಿದೆವು.

ನಿನ್ನ ಗಂಡ ಬಾಗಿಲಲ್ಲೇ ನಿಂತಿದ್ದ, ಮದುವೆ ಮನೆಯ ಯಜಮಾನನ ಹಾಗೆ. "ಬನ್ನಿ ಅತ್ತಿಗೆ, ನೋಡಿ ಹೇಗೆ ಸೆಟ್ ಮಾಡಿದೀನಿ! ಶೋರೂಮ್ ಕಂಡೀಷನ್!" ಸೋಫಾ ಅಂಗಡಿಯಲ್ಲಿ ಮಾರಾಟ ಮಾಡಿ ಮಾಡಿ ಅವನಿಗೆ ಕವರು ಬಿಚ್ಚಿದ ವಸ್ತುವೆಲ್ಲ ಹಳೆಯದೇ. ಬೀದಿಯವರು ಕವರ್ ರಾಯ ಅನ್ನುವುದು ಸುಮ್ಮನೆ ಅಲ್ಲ.

ಪುಟ್ಟಿ, ಏನೆಂದು ಬರೆಯಲಿ. ಕಂಪ್ಯೂಟರಿನ ಪರದೆಯನ್ನು ಗೋಡೆಗೆ ಗಡಿಯಾರದ ಎತ್ತರಕ್ಕೆ ಹೊಡೆದಿದ್ದಾನೆ. ಯಾಕೆ ಅಂದರೆ, ಮನೆಗೆ ಬಂದವರಿಗೆಲ್ಲ ಕಾಣಬೇಕಂತೆ, ಅದಕ್ಕೇ ದಿನವಿಡೀ ಆನ್ ಮಾಡಿಯೇ ಇಡುತ್ತಾನೆ. ಕೀಲಿಮಣೆ ಇರುವುದು ಮೊಣಕಾಲಿಗೆ ತಾಗುವ ಟೀಪಾಯಿಯ ಮೇಲೆ. ನೀನು ಬಾವಿಯೊಳಗೆ ಬಿದ್ದವಳ ಹಾಗೆ ಮೇಲೆ ನೋಡುತ್ತ, ಬಟ್ಟೆ ಒಗೆಯುವವಳ ಹಾಗೆ ಬಗ್ಗಿ ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡಬೇಕು! ಕುರ್ಚಿಗೆ ಪ್ಲಾಸ್ಟಿಕ್ಕು, ಕೀಲಿಮಣೆಗೂ ಪ್ಲಾಸ್ಟಿಕ್ಕು. ಮುಟ್ಟಿದರೆ ಯಾರೋ ಬೆಲ್ಲ ತಿಂದ ಕೈ ಒರೆಸಿದ ಹಾಗೆ ಅಂಟಂಟು. ವಿದ್ಯುತ್ತಿಗೆ ಫ್ರಿಜ್ಜಿನ ಹಿಂದಿನಿಂದ ಒಂದು ಎಕ್ಸ್‌ಟೆನ್ಶನ್ ಬೋರ್ಡು, ಅದಕ್ಕೆ ಇನ್ನೊಂದು ಬೋರ್ಡು. ಅದು ಕೈತೊಳೆಯುವ ಸಿಂಕಿನ ಕೆಳಗೆ, ನೆಲ ಒರೆಸುವ ಹಸಿ ಬಟ್ಟೆಯ ಪಕ್ಕದಲ್ಲೇ ಮಲಗಿತ್ತು.

"ಸಿಪಿಯು ಪೆಟ್ಟಿಗೆ ಎಲ್ಲಿ?" ಅಂದರು ನಿನ್ನ ಭಾವ. "ಧೂಳು ಬೀಳಬಾರದಲ್ಲಾ ಭಾವ, ಬೀರೂಲಿ ಇಟ್ಟು ಬಾಗಿಲು ಹಾಕಿದೀನಿ" ಅಂದ, ಜಾಣ!

ಬಾಗಿಲು ತೆಗೆದದ್ದೇ ತಡ, ಬಿಸಿ ಗಬ್ಬು ಮುಖಕ್ಕೆ ಹೊಡೆಯಿತು. ಪೆಟ್ಟಿಗೆಗೆ ಅಂಗಡಿಯ ಕವರು, ಅದರ ಮೇಲೆ ಟವೆಲು. ಹಿಂದೆ ಗಾಳಿಯಾಡುವ ಕಿಂಡಿಯ ಹತ್ತಿರ ಕವರು ಕರಗಿ, ಗಾಯದ ಕೀವಿನ ಹಾಗೆ ಹಳದಿಯಾಗಿ ಅಂಟಿತ್ತು. ನಾನು ಟವೆಲು ಎತ್ತಿದೆ. ಬೆಚ್ಚಗಿನ ಜಾಗ ಸಿಕ್ಕಿತೆಂದು ಸಂಸಾರ ಹೂಡಿದ್ದ ಜಿರಳೆಗಳೆಲ್ಲ ನನ್ನ ಮುಂಗೈ ಹತ್ತಿ ರವಿಕೆಯ ತೋಳಿನೊಳಗೆ ನುಗ್ಗಿದವು. ನಾನು ಕುಣಿದ ಕುಣಿತ ನೋಡಲು ನೀನಿರಬೇಕಿತ್ತು. ಆಮೇಲೆ ಸಿಂಕಿನಲ್ಲೇ ವಾಂತಿ ಮಾಡಿಕೊಂಡೆ. ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಿದ್ದಳಲ್ಲ ನಮ್ಮಜ್ಜಿ, ಆ ಮಾತಿನ ಅರ್ಥ ನನ್ನ ತೋಳಿನೊಳಗೆ ಹರಿದಾಡಿತು.

ಅವನೇನೆಂದ ಗೊತ್ತೆ? "ಜಿರಳೆ ಯಾರ ಮನೇಲಿಲ್ಲ ಅತ್ತಿಗೆ? ಕವರ್ ಮಾತ್ರ ಕೀಳ್ಬೇಡಿ, ಹೊಸದು ಹಾಳಾಗುತ್ತೆ."

"ಇನ್ನೊಂದು ಸಲ ಪುಟ್ಟಿ ಕೈ ಕೆಟ್ರೆ ಕೆಲಸ ಮರೆತುಬಿಡಿ ಅಂತ ಡಾಕ್ಟರು ಹೇಳಿದ್ದು ನಿಮ್ಮ ಎದುರಿಗೇ ತಾನೆ? ಆ ಕೈಗೆ ಯಾವ ಅಂಗಡಿಯಿಂದ ಕವರ್ ತರ್ತೀರಿ?" ಅಂದೆ.

"ಅವಳು ಅಡ್ಜಸ್ಟ್ ಮಾಡ್ಕೋತಾಳೆ ಬಿಡಿ" ಅಂದ. ಇಷ್ಟು ಹೊತ್ತು ಜಿರಳೆಗೆ ಹೇಸಿದ್ದೆ. ಆ ಮಾತಿಗೆ ಹೇಸಿದ ಮೇಲೆ ಜಿರಳೆಯೇ ವಾಸಿ ಅನ್ನಿಸಿತು.

ನಿನ್ನ ಭಾವ ಪ್ಲಗ್ಗು ಕಿತ್ತರು. ಮಾರನೆಯ ಬೆಳಿಗ್ಗೆ ಅವನು ಅಂಗಡಿಗೆ ಹೋದದ್ದು ನೋಡಿಕೊಂಡು, ಅತ್ತೆಯೇ ಬಾಗಿಲು ತೆರೆದು ಕೊಟ್ಟರು. ಎಲ್ಲವನ್ನೂ ನಮ್ಮ ಮನೆಗೆ ಸಾಗಿಸಿದೆವು. ಕವರು ಕಿತ್ತು ಹೊರಗೆಸೆದು, ಪೆಟ್ಟಿಗೆಯ ಒಳಗೆಲ್ಲ ಊದಿಸಿ ಒರೆಸಿದೆವು. ಈಗ ಅದು ಕಿಟಕಿಯ ಪಕ್ಕದ ಮೇಜಿನ ಮೇಲಿದೆ, ಬೆಳಕು ಮಗ್ಗುಲಿಂದ ಬೀಳುತ್ತದೆ. ಪರದೆಯ ಮೇಲಂಚು ನಿನ್ನ ಕಣ್ಣಿನ ಮಟ್ಟಕ್ಕೆ. ನಿನ್ನ ಭಾವ ನನ್ನನ್ನೇ ಕೂರಿಸಿ ಅಳತೆ ನೋಡಿದರು, ನಾವಿಬ್ಬರೂ ಒಂದೇ ಎತ್ತರವಲ್ಲವೇ. ಮೊಣಕೈ ಮೇಜಿನ ಮಟ್ಟಕ್ಕೇ ನಿಲ್ಲುತ್ತದೆ, ಮಣಿಕಟ್ಟು ಬಾಗುವುದಿಲ್ಲ. ಬೆನ್ನಿಗೆ ಒರಗು, ಪಾದಕ್ಕೆ ನೆಲ. ಪೆಟ್ಟಿಗೆಯ ಸುತ್ತ ಗಾಳಿ ಆಡುತ್ತದೆ, ವೈರು ನೇರ ಗೋಡೆಯ ಪಾಯಿಂಟಿಗೆ. ಅರ್ಧ ತಾಸಿಗೊಮ್ಮೆ ನಿನ್ನನ್ನು ಎಬ್ಬಿಸಿ ಓಡಾಡಿಸುವ ಕೆಲಸ ನನ್ನದು.

ಶುಕ್ರವಾರ ಬಸ್ಸಿಳಿದವಳು ನೇರ ಇಲ್ಲಿಗೆ ಬಾ. ಅವನು ಎರಡು ಸಲ ಬಂದು ಕೂಗಾಡಿ ಹೋದ. ಕೂಗಾಡಲಿ.

ಇಂತಿ ನಿನ್ನ,
ಅಕ್ಕ

ತಾ.ಕ.: ಬರೆಯಬಾರದು ಅಂತಿದ್ದೆ. ನಿನ್ನ ಅತ್ತೆಯೂ ಪೆಟ್ಟಿಗೆಯ ಜೊತೆ ನಮ್ಮ ಮನೆಗೇ ಬಂದುಬಿಟ್ಟಿದ್ದಾರೆ. ಅವರ ಹಾಸಿಗೆಗೂ ತಂದ ದಿನದ ಕವರು ಹಾಗೇ ಇದೆಯಂತೆ. ಮಗ್ಗುಲು ಬದಲಿಸಿದರೆ ಪರಪರ ಸದ್ದಿಗೆ ಮಗನಿಗೆ ಎಚ್ಚರವಾಗುತ್ತದೆಂದು, ಬೆವರಿನಲ್ಲಿ ನೆನೆದು ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದರಂತೆ. ಇವತ್ತು ಬೆಳಿಗ್ಗೆ ನಮ್ಮ ಹತ್ತಿ ಹಾಸಿಗೆಯಲ್ಲಿ, ಬಿಸಿಲು ಮುಖಕ್ಕೆ ಬಿದ್ದರೂ ಎದ್ದಿರಲಿಲ್ಲ. ನಿನ್ನ ಹಾಸಿಗೆಯ ಕಥೆ ಏನು ಪುಟ್ಟಿ? ಬಂದ ಮೇಲಾದರೂ ಹೇಳು.