ಬಸವಮ್ಮನ ಆಡಿನ ಗಂಟು

ಮೈಸೂರು
೧೪ ಮಾರ್ಚ್ ೨೦೦೩

ಪ್ರೀತಿಯ ಅವ್ವನಿಗೆ, ನಿನ್ನ ಪ್ರೇಮಾಳ ನಮಸ್ಕಾರ.

ಹೊನ್ನೂರಿನಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇವತ್ತು ನನಗೆ ಲ್ಯಾಬಿನಲ್ಲಿ ಕೂತ ಕಡೆ ಕೂರಲಾಗುತ್ತಿಲ್ಲ. ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಸಂಕ್ರಾಂತಿಗೆ ಬಂದಾಗ ಪಕ್ಕದ ಮನೆ ಬಸವಮ್ಮ ದೊಡ್ಡವ್ವನ ಆಡುಗಳ ದವಡೆಯಲ್ಲಿ ಗಂಟು ಎದ್ದಿತ್ತಲ್ಲ, ಅದರ ಕೀವನ್ನು ನಾನು ಸೀಸೆಯಲ್ಲಿ ತಂದಿದ್ದೆ. ಅಂಟುಜಾಡ್ಯವೆಂದು ಊರವರು ಅವಳ ಆಡುಗಳನ್ನು ಕೆರೆ ಏರಿ ಮೇಲೆ ಮೇಯಲು ಬಿಡುತ್ತಿರಲಿಲ್ಲ. ನೀನೂ "ಈ ಕಡೀಕ್ ತರ್ಬ್ಯಾಡ ಕಣಕ್ಕ" ಅಂದು ನಮ್ಮ ಕಲ್ಲುಬಾನಿಯ ನೀರು ಮುಟ್ಟಿಸಲಿಲ್ಲ. ದೊಡ್ಡವ್ವ ನನ್ನ ಕೈ ಹಿಡಿದು, "ಅದೇನ್ ಉಳ ಅಂತ ನೋಡ್ಬುಟ್ಟು ಯೋಳವ್ವ. ಇಲ್ದಿದ್ರೆ ಎಲ್ಲಾನೂವೆ ಸಂತೆಗೆ ಒಡ್ಕಂಡೋಗಿ ಮಾರ್ಬುಡ್ತೀನಿ" ಅಂದಿದ್ದಳು.

ಆಡುಗಳಲ್ಲಿ ಗಂಟು ಎಬ್ಬಿಸುವ ಹಳೆಯ ಅಂಟುಜಾಡ್ಯದ ರೋಗಾಣುವೇ ಇರಬೇಕೆಂದು ನಾನೂ ತಿಳಿದಿದ್ದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳೆದ್ದವು. ಆ ರೋಗಾಣು ಹಾಗೆ ಬೆಳೆಯುವುದೇ ಇಲ್ಲ! ಹೊಸಬರು ಬಂದರೆ ಯಾರ ಮಗ, ಯಾವೂರ ಕಡೆಯವನು ಎಂದು ನೀನು ಕೆದಕುತ್ತೀಯಲ್ಲ, ಹಾಗೆಯೇ ಅದರ ಡಿಎನ್‌ಎ ಓದಿಸಿ ನೆಂಟರನ್ನು ಹುಡುಕಿದೆವು. ದೂರದ ನೆಂಟರು ಸಿಕ್ಕರು, ಒಡಹುಟ್ಟಿದವರು ಸಿಗಲಿಲ್ಲ. ಇದು ಯಾರೂ ಇನ್ನೂ ಹೆಸರಿಡದ ಜೀವಿ, ಅವ್ವ.

ಒಬ್ಬರ ಆಡಿನಲ್ಲಿ ಸಿಕ್ಕರೆ ಸಾಲದು, ಬೇರೆ ಕಡೆಯೂ ಹುಡುಕು ಎಂದರು ನಮ್ಮ ಲ್ಯಾಬಿನ ಮೇಡಂ. ಗಂಟಿಲ್ಲದ ಕೆಲವು ಆಡುಗಳ ಬಾಯನ್ನೂ ಆಗಲೇ ಹತ್ತಿಯಲ್ಲಿ ಒರೆಸಿ ತಂದಿದ್ದೆ. ನೋಡಿದರೆ, ಗುಂಡುಗುಂಡಗೆ ಮೇಯ್ದುಕೊಂಡಿರುವ ಒಂದು ಆಡಿನ ಬಾಯಲ್ಲೂ ಅದೇ! ಆಡಿನ ಬಾಯಲ್ಲಿ ತೆಪ್ಪಗಿರುವ ಜೀವಿಯಿದು, ಜಾಲಿಮುಳ್ಳು ಚುಚ್ಚಿದ ಕಡೆ ಒಳಗಿಳಿದು ಗಂಟು ಕಟ್ಟುತ್ತದೆ ಎಂಬುದು ಮೇಡಂ ಎಣಿಕೆ. ಒಂದರಿಂದ ಒಂದಕ್ಕೆ ಅಂಟುವಂತೆ ಕಾಣುವುದಿಲ್ಲ. ಗಂಟನ್ನು ಡಾಕ್ಟರಿಂದ ಕುಯ್ಯಿಸಿ ತೊಳೆದರೆ ಮಾಯುತ್ತದಂತೆ.

ಈ ಹೊಸ ಜೀವಿಗೆ ಹೊನ್ನೂರಿನ ಹೆಸರನ್ನೇ ಇಡೋಣ ಎಂದರು ಮೇಡಂ. ಒಂದು ಗಳಿಗೆ ಹಿಗ್ಗಿದೆ, ಆಮೇಲೆ ಬೇಡವೆಂದೆ. ಬಸವಮ್ಮನ ಆಡುಗಳನ್ನು ಊರವರು ದೂರವಿಟ್ಟಂತೆ, ಆ ಹೆಸರು ಕೇಳಿ ನಾಳೆ ನಮ್ಮೂರಿನ ಆಡುಗಳನ್ನೆಲ್ಲ ಹೊರಗಿನವರು ದೂರವಿಟ್ಟರೆ?

ಈ ಕಾಗದವನ್ನು ದೊಡ್ಡವ್ವನಿಗೂ ಓದಿ ಹೇಳು. ಆಡುಗಳನ್ನು ಮಾರದಿರಲಿ.

ನಿನ್ನ ಮಗಳು,
ಪ್ರೇಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಇನ್ನೊಂದು ಆಡು ನಮ್ಮದೇ, ಅವ್ವ. ನೀನು ಗದ್ದೆಗೆ ಹೋಗಿದ್ದಾಗ ಬಾಯಿ ಒರೆಸಿಕೊಂಡಿದ್ದೆ. ಇಷ್ಟನ್ನು ದೊಡ್ಡವ್ವನಿಗೆ ಓದುವುದು, ಬಿಡುವುದು ನಿನಗೆ ಸೇರಿದ್ದು.