ಫಾಹಿಮಾಳ ಕಿವಿ

ಗುರುವಾಯನಕೆರೆ, ೧೨ ನವೆಂಬರ್ ೨೦೨೪, ಮಂಗಳವಾರ

ಫಾಹಿಮಾಳ ಕಿವಿಯ ಆಪರೇಶನ್ ಇವತ್ತು ಮುಗಿಯಿತು. ಕಿವಿಯೊಳಗಿನ ಪರದೆಯ ಹಿಂದೆ ಕಟ್ಟಿಕೊಂಡಿದ್ದ ನೀರು ತೆಗೆದು, ಅಕ್ಕಿಕಾಳಿಗಿಂತ ಸಣ್ಣದೊಂದು ನಳಿಗೆ ಕೂರಿಸಿದ್ದಾರೆ. ಸಮಾಧಾನವಾಗಬೇಕಿತ್ತು. ಆದರೆ ಬಸ್ಸಿನಲ್ಲಿ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬರುವಾಗಲೂ ಅದೇ ಯೋಚನೆ.

ಪಕ್ಕದ ಮನೆಯ ಸಾತ್ವಿಕಾಳಿಗೂ ಇದೇ ತೊಂದರೆ, ಇದೇ ಡಾಕ್ಟರು. ಅವಳಿಗೆ ಮೊದಲ ಸಲವೇ ಆಪರೇಶನ್ನಿನ ತಾರೀಕು ಸಿಕ್ಕಿತು. ನನಗೆ ಮಾತ್ರ, "ಮಗುವಿಗೆ ಸ್ಕಾರ್ಫ್ ಅಷ್ಟು ಬಿಗಿ ಕಟ್ಟಬೇಡಿಯಮ್ಮ, ಕೇಳ್ತದೆ" ಎಂದು ಹೇಳಿ ಕಳಿಸಿದರು. ಶಾಲೆಯ ಟೀಚರೂ ಅದನ್ನೇ ಹೇಳಿದ್ದರು. ಮನೆಯಲ್ಲಿ ಮಗಳು ಬರಿತಲೆಯಲ್ಲೇ ಓಡಾಡುತ್ತಾಳೆ, ಆಗಲೂ ನನ್ನ ಬಾಯಿ ನೋಡಿಯೇ ಮಾತು ತಿಳಿಯುತ್ತಾಳೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಮುಂದಿನವರನ್ನು ಕರೆದಾಗಿತ್ತು. ಹಾಗೆಯೇ ಒಂದು ವರ್ಷ ಹೋಯಿತು.

ಕೊನೆಗೆ ಸಾತ್ವಿಕಾಳ ಅಮ್ಮ ಶಶಿಪ್ರಭಕ್ಕ, "ನಾನೂ ಬರ್ತೇನೆ ಫರ್ಹಾನ, ಒಟ್ಟಿಗೆ ಹೋಗುವ" ಎಂದರು. ನಾನು ಹೇಳಿದ್ದನ್ನೇ ಅವರು ಹೇಳಿದರು. ಡಾಕ್ಟರು ಕೂಡಲೇ ತಾರೀಕು ಕೊಟ್ಟರು. ಅಕ್ಕನ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ. ಆದರೆ ಹೆತ್ತವಳ ಮಾತು ಸಾಲದೆ ಹೋಯಿತಲ್ಲ ಎಂಬುದು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಮಲಗಿಸುವಾಗ ಎಂದಿನಂತೆ ಕಿವಿಯ ಹತ್ತಿರ ಬಾಗಿ ಜೋರಾಗಿ, "ನೋವು ಉಂಟಾ ಮಗಳೇ?" ಎಂದೆ.

ಅವಳು ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟಳು. "ಉಮ್ಮಾ, ನನಗೆ ಬೈಯುದು ಯಾಕೆ?"

ವರ್ಷವಿಡೀ ಕೂಗಿ ಕೂಗಿ ನನ್ನ ದನಿಯೇ ಹೀಗಾಗಿಬಿಟ್ಟಿದೆ. ದೀಪ ಆರಿಸಿದೆ. ಅವಳು ಗೋಡೆಯ ಕಡೆ ತಿರುಗಿದ ಮೇಲೆ, ನನಗೇ ಕೇಳಿಸದಷ್ಟು ಮೆಲ್ಲಗೆ ಒಮ್ಮೆ ಹೆಸರು ಕರೆದು ನೋಡಿದೆ.

ಕತ್ತಲಲ್ಲಿ, ತಿರುಗದೆಯೇ, "ಹೂಂ" ಎಂದಳು.